ಫೋನು ಮಾಡಿದರೆ ಬೀಳುವ ಅಬ್ಬಿ

ಬಚ್ಚಲಮನೆಯ ನಲ್ಲಿಯಲ್ಲಿ ನೀರು ಸಣ್ಣಗಾದರೆ ನಿಮ್ಮ ಕೈ ಎಲ್ಲಿಗೆ ಹೋಗುತ್ತದೋ ಗೊತ್ತಿಲ್ಲ, ನನ್ನದು ಫೋನಿಗೆ ಹೋಗುತ್ತದೆ. ಮೈಗೆಲ್ಲ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು, ಮೊಳೆಗೆ ನೇತುಹಾಕಿದ ಪ್ಯಾಂಟಿನ ಜೇಬು ತಡಕುತ್ತೇನೆ. ಆಮೇಲೆ ನೆನಪಾಗುತ್ತದೆ, ಇದು ಸಕಲೇಶಪುರದ ಬಾಡಿಗೆ ಮನೆ, ಈ ನೀರು ಪುರಸಭೆಯದು, ಇದನ್ನು ಬಿಡುವುದು ಕಟ್ಟುವುದು ನಮ್ಮಕ್ಕನ ಕೈಯಲ್ಲಿಲ್ಲ ಎಂದು. ಒಂದು ದಿನ ಟವೆಲ್ ಕೊಡಲು ಬಂದ ನನ್ನ ಹೆಂಡತಿ ಇದನ್ನು ನೋಡಿ, "ಯಾರಿಗ್ರೀ ಫೋನು, ಗಂಗಮ್ಮಂಗಾ?" ಎಂದು ನಕ್ಕಳು. ನಾನೂ ನಕ್ಕೆ. ಕಣ್ಣಿಗೆ ಸೋಪು ಹೋಗಿತ್ತು, ಅದೊಂದು ಅನುಕೂಲವಾಯಿತು.

ನನಗೆ ಬರೆದು ಅಭ್ಯಾಸವಿಲ್ಲ. ಎಂಟನೇ ಕ್ಲಾಸಿನಲ್ಲಿ ಗಣಿತ ನನ್ನ ಕೈಬಿಟ್ಟಿತು, ನಾನು ಶಾಲೆಯ ಕೈಬಿಟ್ಟೆ. ಆಮೇಲೆ ಓದಿದ್ದೆಲ್ಲ ಕಾಫಿ ಪುಡಿ ಕಟ್ಟಿಕೊಟ್ಟ ಪೇಪರು, ಲಾರಿಗಳ ಹಿಂದಿನ ಬರಹ, ಬಸ್ ಸ್ಟ್ಯಾಂಡಿನಲ್ಲಿ ಗಿರಾಕಿಗಾಗಿ ಕಾಯುವಾಗ ಕೈಗೆ ಸಿಕ್ಕಿದ ಹಳೆಯ ವಾರಪತ್ರಿಕೆ. ಆದರೂ ಇದನ್ನು ಬರೆಯುತ್ತಿದ್ದೇನೆ. ಹೇಳಬೇಕಾದವರ ಮುಂದೆ ಹೇಳುವ ಬಾಯಿ ನನಗಿಲ್ಲ. ನಿಮ್ಮ ಮುಂದಾದರೆ ಪರವಾಗಿಲ್ಲ, ನಿಮ್ಮ ಮುಖ ನನಗೆ ಕಾಣುವುದಿಲ್ಲ. ವಿಷಯ ಇಷ್ಟೇ: ನಮ್ಮ ಭಾವ ಇಷ್ಟು ಹೊತ್ತಿಗೆ ಕೆಲಸ ಬಿಟ್ಟು ಮನೆಗೆ ಬಂದು ನೆಮ್ಮದಿಯಾಗಿ ಕೂರಬೇಕಿತ್ತು. ಅವರು ಇನ್ನೂ ಮಾರನಹಳ್ಳಿಯಲ್ಲಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ, ಕಾದ ಕಾವಲಿಯ ಮುಂದೆ ನಿಂತಿದ್ದಾರೆ. ಅದಕ್ಕೆ ಕಾರಣ ನಾನು ಮಾಡಿದ ಒಂದು ಫೋನು, ಮತ್ತು ಮಾಡದೆ ಬಿಟ್ಟ ಇನ್ನೊಂದು.

ನಾನು ಜೀಪು ಓಡಿಸುವವನು. ಹೋಂಸ್ಟೇಗಳಿಗೆ ಬಂದವರನ್ನು ಗುಡ್ಡ, ತೋಟ, ನೀರು ಎಂದು ಸುತ್ತಿಸಿ, ಅವರ ಸೊಂಟ ಒಂದು ಹದಕ್ಕೆ ಬಂದ ಮೇಲೆ ವಾಪಸು ತಂದು ಬಿಡುವುದು ನನ್ನ ಕಸುಬು. ಜಲಪಾತ ಅನ್ನುವ ಮಾತು ನಮ್ಮ ಕಡೆ ಬೋರ್ಡಿನ ಮೇಲೆ ಮಾತ್ರ ಇರುತ್ತದೆ. ಬಾಯಲ್ಲಿ ಅದು ಅಬ್ಬಿ. ನಾನು ಹೇಳುತ್ತಿರುವ ಅಬ್ಬಿಗೆ ಬೋರ್ಡೂ ಇಲ್ಲ. ದೋಣಿಗಲ್ ದಾಟಿ, ಹೆದ್ದಾರಿಯ ಲಾರಿಗಳ ಸಾಲು ಬಿಟ್ಟು ಒಳಗೆ ತಿರುಗಿ, ಒಂದು ಎಸ್ಟೇಟಿನ ಕೂಲಿಯವರ ಲೈನು ಮನೆಗಳ ಹಿಂದಿನಿಂದ ಇಳಿದರೆ ಸಿಗುತ್ತದೆ. ಎರಡು ತೆಂಗಿನ ಮರದಷ್ಟು ಎತ್ತರವೂ ಇಲ್ಲ. ಬಂದವರು ಮೊದಲು "ಇಷ್ಟೇನಾ?" ಅನ್ನುತ್ತಾರೆ. ಆಮೇಲೆ ಮಾತು ನಿಲ್ಲಿಸುತ್ತಾರೆ. ಸುತ್ತ ಬಂಡೆ, ಮೇಲೆ ಮರ, ಬಿಸಿಲು ಅಷ್ಟಷ್ಟೇ ಒಳಗೆ ಬರುವ ಜಾಗ. ಅಲ್ಲಿ ಜೋರಾಗಿ ಮಾತಾಡಿದರೆ ತಮಗೇ ನಾಚಿಕೆಯಾಗುತ್ತದೆ.

ಹೆಸರೇನು ಎಂದು ಎಲ್ಲರೂ ಕೇಳುತ್ತಾರೆ. ಹೆಸರಿಲ್ಲ ಎಂದರೆ ಅವರಿಗೆ ಮೋಸಹೋದ ಹಾಗೆ ಆಗುತ್ತದೆ. ಅದಕ್ಕೆ ನಾನು ಗಿರಾಕಿ ನೋಡಿ ಹೆಸರು ಕೊಡುತ್ತಿದ್ದೆ. ಗಂಡ ಹೆಂಡತಿ ಬಂದರೆ ಜೋಡಿ ಅಬ್ಬಿ, ವಯಸ್ಸಾದವರು ಬಂದರೆ ಋಷಿ ಅಬ್ಬಿ. ಬರೀ ಗಂಡುಹುಡುಗರು ಬಂದರೆ ಹುಲಿ ಅಬ್ಬಿ. ಹುಲಿ ಬಿಡಿ, ಅಲ್ಲಿ ಏಡಿಗಿಂತ ದೊಡ್ಡ ಪ್ರಾಣಿಯನ್ನು ನಾನು ಕಂಡಿಲ್ಲ. ಆನೆ ಬರುತ್ತದೆ, ಆದರೆ ಅದು ಎಲ್ಲ ಕಡೆಯೂ ಬರುತ್ತದೆ, ಅದನ್ನು ಒಂದು ಅಬ್ಬಿಗೆ ಕಟ್ಟಿಹಾಕುವುದು ಸರಿಯಲ್ಲ.

ಚಿಕ್ಕವನಿದ್ದಾಗ ಆ ನೀರೆಂದರೆ ನನಗೆ ಪ್ರಾಣಭಯ. ಅಕ್ಕ ಸಾವಿತ್ರಿ ನನಗಿಂತ ಎಂಟು ವರ್ಷ ದೊಡ್ಡವಳು. ಬೇಸಿಗೆ ಬಂತೆಂದರೆ ಮನೆಯ ಕಂಬಳಿಗಳನ್ನೆಲ್ಲ ತಲೆಯ ಮೇಲೆ ಹೊತ್ತು, ನನ್ನನ್ನು ಕೈಯಲ್ಲಿ ಎಳೆದುಕೊಂಡು ಅಬ್ಬಿಗೆ ಇಳಿಯುತ್ತಿದ್ದಳು. ಕಂಬಳಿ ಒಗೆಯುವುದಕ್ಕೆ ನಮ್ಮಲ್ಲಿ ಯಾರೂ ಮೈ ನೋಯಿಸಿಕೊಳ್ಳುತ್ತಿರಲಿಲ್ಲ. ನೀರು ಬೀಳುವ ಕಡೆ ಬಂಡೆಯ ಮೇಲೆ ಹಾಸಿ, ಮೂಲೆಗಳಿಗೆ ಕಲ್ಲು ಹೇರಿ ಕೂತರೆ ಅಬ್ಬಿಯೇ ಬಡಿದು ಬಡಿದು ಒಗೆದು ಕೊಡುತ್ತಿತ್ತು. ಆ ಹೊತ್ತಿನಲ್ಲಿ ನನ್ನ ಭಯ ಬಿಡಿಸುವುದು ಅಕ್ಕನ ಕೆಲಸ. "ನೀರಿನ್ ಹಿಂದೆ ನೀರಿಲ್ಲ ಕಣೋ, ಬೇಕಾದ್ರೆ ಬಂದ್ ನೋಡು" ಅಂದಳು ಒಂದು ದಿನ. ಅವಳ ಲಂಗದ ಅಂಚು ಹಿಡಿದು, ಕಣ್ಣು ಮುಚ್ಚಿ, ಬದಿಯ ಬಂಡೆಗೆ ಬೆನ್ನು ಉಜ್ಜುತ್ತ ಹೋದೆ. ನಿಜವಾಗಿಯೂ ಅಲ್ಲಿ ಒಣಗಿದ ಜಾಗವಿತ್ತು. ಬಾವಲಿ ನಾತ ಹೊಡೆಯುತ್ತಿತ್ತು. ಎದುರಿಗೆ ಇಡೀ ಲೋಕ ಬಿಳೀ ಪರದೆಯ ಆಚೆ ಅಲುಗಾಡುತ್ತಿತ್ತು. ಮಾರನೇ ದಿನ ಶಾಲೆಯಲ್ಲಿ, ನಾನು ನೀರಿನ ಒಳಗೆ ಒಣಗಿಕೊಂಡು ಕೂತಿದ್ದೆ ಎಂದು ಹೇಳಿ ಮೇಷ್ಟರ ಕೈಲಿ ಕಿವಿ ಹಿಂಡಿಸಿಕೊಂಡೆ. ನಿಜ ಹೇಳಿ ಪೆಟ್ಟು ತಿಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ಆಮೇಲೆ ಎರಡನ್ನೂ ಬಿಟ್ಟುಬಿಟ್ಟೆ.

ಅಬ್ಬಿಯ ನೆತ್ತಿಯ ಮೇಲಿನ ಇಳಿಜಾರಿನಲ್ಲಿ ನಮ್ಮ ತೋಟ. ತೋಟ ಅಂದರೆ ಎಸ್ಟೇಟು ಅಂದುಕೊಳ್ಳಬೇಡಿ, ಒಂದು ತುದಿಯಲ್ಲಿ ನಿಂತು ಕೆಮ್ಮಿದರೆ ಇನ್ನೊಂದು ತುದಿಗೆ ಕೇಳುತ್ತದೆ. ರೊಬಸ್ಟಾ ಕಾಫಿ ಗಿಡ, ನಡುವೆ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸು. ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ದಿನ ಇಬ್ಬರನ್ನೂ ಹತ್ತಿರ ಕೂರಿಸಿಕೊಂಡು, "ತೋಟ ಐತೆ, ಜೀಪ್ ಐತೆ. ಯಾರಿಗ್ ಏನ್ ಬೇಕು ಹೇಳ್ರಿ" ಅಂದರು. ಅವರ ಮಾತು ಮುಗಿಯುವುದರೊಳಗೆ ನಾನು ಜೀಪು ಅಂದಿದ್ದೆ. ಊರವರು ಅಪ್ಪನಿಗೆ ಬುದ್ಧಿ ಕೆಟ್ಟಿದೆ ಎಂದರು, ಹೆಣ್ಣುಮಗಳಿಗೆ ತೋಟ ಕೊಟ್ಟು ಮಗನ ಕೈಗೆ ಸ್ಟೇರಿಂಗ್ ಕೊಟ್ಟ ಎಂದು. ಅಪ್ಪನಿಗೆ ಬುದ್ಧಿ ಸರಿಯಾಗಿಯೇ ಇತ್ತು. ಗಿಡದ ರೆಂಬೆ ಸವರಿ ಕಪಾತು ಮಾಡುವ ದಿನ ನಾನು ಎಲ್ಲಿರುತ್ತಿದ್ದೆ, ಅಕ್ಕ ಎಲ್ಲಿರುತ್ತಿದ್ದಳು ಎಂದು ಅವರಿಗೆ ಗೊತ್ತಿತ್ತು.

ಅಕ್ಕನ ಗಂಡ ಶಿವಣ್ಣ ಭಾವ ದೋಸೆ ಹುಯ್ಯುವುದರಲ್ಲಿ ಗಟ್ಟಿಗರು. ಮದುವೆಗೆ ಮುಂಚಿನಿಂದಲೂ ಅದೇ ಹೋಟೆಲು. ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಾರೆ. ನಿಂತು ನಿಂತು ಅವರ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ಮನೆಗೆ ಬಂದಾಗ ಗೋಡೆಗೆ ಕಾಲು ಎತ್ತಿಟ್ಟು ಮಲಗುತ್ತಾರೆ, ಕೇಳಿದವರಿಗೆ "ಕಾಲಿಗೂ ಸ್ವಲ್ಪ ಆಕಾಶ ತೋರಿಸ್ತಿದೀನಿ" ಅನ್ನುತ್ತಾರೆ. ಎರಡು ಒಳ್ಳೆಯ ಫಸಲು ಬಂದರೆ ಹೋಟೆಲು ಬಿಟ್ಟು ಬಂದುಬಿಡುತ್ತೇನೆ ಎಂದು ಅಕ್ಕನಿಗೆ ಮಾತು ಕೊಟ್ಟಿದ್ದರು. ಮೊದಲನೆಯದು ಬಂದಾಗಿತ್ತು. ಎರಡನೆಯದು ಹೋದ ಫೆಬ್ರವರಿಯಲ್ಲಿ ಗಿಡದ ಮೇಲೆ ಮೊಗ್ಗಾಗಿ ಕೂತಿತ್ತು. ಅಕ್ಕ ಭಾವನ ಕಾಲಿನ ಅಳತೆಯ ಗಂಬೂಟು ತಂದು ಜಗಲಿಯಲ್ಲಿ ಇಟ್ಟಿದ್ದಳು. ರಕ್ತ ಹೀರುವ ಇಂಬಳ ಕಾಲಿಗೆ ಹತ್ತದ ಹಾಗೆ ಉದ್ದನೆಯದು.

ಈಗ ಫೋನಿನ ಕತೆಗೆ ಬರುತ್ತೇನೆ. ಮಳೆಗಾಲದಿಂದ ಡಿಸೆಂಬರಿನವರೆಗೆ ಅಬ್ಬಿಗೆ ಯಾರ ಹಂಗೂ ಇಲ್ಲ, ತನ್ನಷ್ಟಕ್ಕೆ ಬೀಳುತ್ತದೆ. ಫೆಬ್ರವರಿಯಲ್ಲಿ ಹಳ್ಳ ಸಣ್ಣಗಾಗುತ್ತದೆ. ಅದೇ ಹೊತ್ತಿಗೆ ಕಾಫಿಯವರೆಲ್ಲ ಹೂವಿಗೆ ನೀರು ಹೊಡೆಯಲು ಶುರುಮಾಡುತ್ತಾರೆ. ಅಕ್ಕನೂ ಅಬ್ಬಿಯ ನೆತ್ತಿಯ ಮೇಲಿನ ಮಡುವಿಗೆ ಡೀಸೆಲ್ ಎಂಜಿನ್ ಇಟ್ಟು ನೀರು ಎತ್ತುತ್ತಾಳೆ. ಅವಳ ಎಂಜಿನ್ ಮೇಲೆ ಗುಡುಗುಡು ಅಂದರೆ ಕೆಳಗೆ ಅಬ್ಬಿ ನಾಪತ್ತೆ. ಬಂಡೆಯ ಮೇಲೆ ಯಾರೋ ಚೊಂಬಿನಲ್ಲಿ ನೀರು ಚೆಲ್ಲಿಹೋದ ಹಾಗೆ ಒಂದು ಒದ್ದೆ ಗೆರೆ ಉಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಇಂತಹ ಒಂದು ದಿನ ಒಂದು ಕುಟುಂಬವನ್ನು ಕರೆದುಕೊಂಡು ಹೋಗಿದ್ದೆ. ಯಜಮಾನರು ಒದ್ದೆ ಗೆರೆಯನ್ನು ನೋಡಿ, "ಫಾಲ್ಸ್ ಎಲ್ಲಿ?" ಅಂದರು. "ಅದೇ ಸಾರ್, ನೀವು ನೋಡ್ತಿರೋದೇ" ಅಂದೆ. ಅವರು ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಮರದ ಮರೆಗೆ ಹೋಗಿ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕ, ಎಂಜಿನ್ ಸ್ವಲ್ಪ ನಿಲ್ಸೇ."

"ಯಾಕೋ, ಏನಾಯ್ತು?"

"ಗೆಸ್ಟ್ ಬಂದವ್ರೆ. ಅಬ್ಬಿ ಬೀಳ್ತಿಲ್ಲ."

"ಅಬ್ಬಿ ಬೀಳ್ದಿದ್ರೆ ನನ್ ಎಂಜಿನ್ ಯಾಕೋ ನಿಲ್ಸ್‌ಬೇಕು? ಅವ್ರಿಗೆ ಸೀಗೆಕಾಯಿ ಗುಡ್ಡ ತೋರ್ಸೋಗು."

"ಒಂದ್ ಗಳಿಗೆ ಮಾರಾಯ್ತಿ. ಫೋಟೋ ತಕ್ಕಂಡ್ ಹೋಗ್ಬುಡ್ತಾರೆ."

ಮೇಲಿನ ಸದ್ದು ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮಡು ತುಂಬಿ ಅಂಚು ಮೀರಬೇಕಲ್ಲ. ಆಮೇಲೆ ಒದ್ದೆ ಗೆರೆ ಹೊಳೆಯಿತು, ದಾರವಾಯಿತು, ದಾರ ಎರಡಾಯಿತು, ನೋಡನೋಡುತ್ತ ಬಂಡೆಯ ಮೇಲೆ ಬಿಳೀ ಪಂಚೆ ಒಣಹಾಕಿದ ಹಾಗೆ ನೀರು ಇಳಿಯಿತು. ಯಜಮಾನರ ಮಕ್ಕಳು ಚಪ್ಪಾಳೆ ಹೊಡೆದರು. ಅವತ್ತಿನಿಂದ ನನಗೆ ತಲೆ ತಿರುಗಿತು.

ಮುಂದಿನ ಸಲದಿಂದ ಅದಕ್ಕೊಂದು ನಾಟಕ ಕಟ್ಟಿದೆ. ದಾರಿಯಲ್ಲೇ ಗುಟ್ಟಾಗಿ ಅಕ್ಕನಿಗೆ ಹೇಳಿಬಿಡುವುದು. ಅಲ್ಲಿ ಹೋಗಿ ಚಪ್ಪಲಿ ಬಿಟ್ಟು, ಬಂಡೆಗೆ ಕೈ ಮುಗಿದು, ಬಾಯಲ್ಲಿ ಏನೋ ಗುನುಗುವುದು. ಗುನುಗುತ್ತಿದ್ದದ್ದು ಎಂಟರ ಮಗ್ಗಿ, ನನಗೆ ಬಾಯಿಪಾಠ ಬರುವುದು ಅದೊಂದೇ. ಎಂಟು ಹತ್ತಲ ಎಂಬತ್ತು ಮುಟ್ಟುವ ಹೊತ್ತಿಗೆ ನೀರು ಬರುತ್ತಿತ್ತು. ಒಬ್ಬ ಹೆಂಗಸು ನನ್ನ ಕಾಲಿಗೇ ಬಿದ್ದರು. ನಗಬೇಡಿ, ನಾನು ಆಶೀರ್ವಾದವನ್ನೂ ಮಾಡಿದೆ. ಅಕ್ಕನಿಗೆ ಹೇಳಿದರೆ, "ನಂಗ್ ಬರ್ಬೇಕಾದ್ ಆಶೀರ್ವಾದ ನೀನ್ ಹೊಡ್ಕಂಡ್ಯಲ್ಲೋ, ಕಳ್ಳ" ಎಂದು ಬಿದ್ದು ಬಿದ್ದು ನಕ್ಕಳು. ಅವಳು ಆಗೆಲ್ಲ ನಗುತ್ತಿದ್ದಳು.

ಒಂದೇ ಒಂದು ಸಲ ಜಗಳವಾಯಿತು. ಹೊಸದಾಗಿ ಮದುವೆಯಾದ ಜೋಡಿ ನೀರಿನ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅಬ್ಬಿ ಸಣ್ಣಗಾಗುತ್ತ ಬಂದು ನಿಂತೇಹೋಯಿತು. ಕಾದು ಸಾಕಾಗಿ ಅಕ್ಕ ಎಂಜಿನ್ ಹಾಕಿದ್ದಳು. ಹುಡುಗಿ ನನ್ನ ಮುಖ ನೋಡಿ ನಕ್ಕಳು. ಆ ನಗುವಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂದು, ಎಲ್ಲರ ಎದುರೇ ಫೋನಿನಲ್ಲಿ ಕೂಗಾಡಿದೆ. "ನನ್ ಮಾನ ಕಳೆದ್ಯಲ್ಲೇ. ನಾನ್ ಫೋನ್ ಮಾಡೋಗಂಟ ಎಂಜಿನ್ ಮುಟ್ಬೇಡ ಅಂದ್ರೆ ಮುಟ್ಬೇಡ."

ಅಕ್ಕ "ಆಯ್ತು ಬುಡು" ಅಂದಳು. ಅಂದ ಮೇಲೆ ಅವಳ ಮಾತು ಅಂದರೆ ಮಾತು. ಅದು ಗೊತ್ತಿದ್ದೇ ನಾನು ಹಾಗೆ ಕೂಗಿದ್ದೆ.

ಹೂವಿನ ನೀರಿನ ವಿಷಯ ಒಂದಿಷ್ಟು ಹೇಳಬೇಕು. ಕಾಫಿ ಮೊಗ್ಗು ಒಣಗಿದ ಹಾಗೆ ಗಿಡದ ಮೇಲೆ ಕೂತಿರುತ್ತದೆ. ನೀರೇ ಬೀಳದಿದ್ದರೆ ಅದಕ್ಕೇನೂ ಆತುರವಿಲ್ಲ, ಮಳೆಗೆ ಕಾಯುತ್ತದೆ. ಚೆನ್ನಾಗಿ ನೆನೆಸಿದರೆ ಎಂಟು ಹತ್ತು ದಿನಕ್ಕೆ ಬೆಳ್ಳಗೆ ಅರಳುತ್ತದೆ. ತೊಂದರೆ ಇರುವುದು ಅರ್ಧ ನೀರಿನಲ್ಲಿ. ಅರ್ಧ ಕುಡಿದ ಮೊಗ್ಗು ಅರಳಲೂ ಆರದು, ಇನ್ನು ಕಾಯಲೂ ಆರದು. ಕೆಂಪಗಾಗಿ ಉದುರುತ್ತದೆ. ಅದಕ್ಕೇ ಶುರು ಮಾಡಿದ ಮೇಲೆ ಮುಗಿಸಲೇಬೇಕು. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು, ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ.

ಅಕ್ಕನಿಗೆ ಎಂಜಿನ್ ಸ್ವಂತದ್ದು, ನೀರು ಚಿಮ್ಮಿಸುವ ಜೆಟ್ಟು ಮತ್ತು ಪೈಪು ಸ್ವಂತದ್ದಲ್ಲ. ಆ ಸುತ್ತಿನ ಸಣ್ಣ ತೋಟದವರೆಲ್ಲ ಸೇರಿ ಇಟ್ಟುಕೊಂಡದ್ದು. ಸರದಿಯ ಮೇಲೆ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಸರದಿ ತಪ್ಪಿಸುವ ಹಾಗಿಲ್ಲ, ಎಲ್ಲರ ಮೊಗ್ಗೂ ಒಂದೇ ಹೊತ್ತಿಗೆ ನೀರಿಗೆ ಬಾಯಿ ಬಿಟ್ಟಿರುತ್ತದೆ.

ಹೋದ ಫೆಬ್ರವರಿಯಲ್ಲಿ ಅಕ್ಕನ ಸರದಿಯ ಕೊನೆಯ ದಿನ. ಮೇಲಿನ ಅರ್ಧ ತೋಟಕ್ಕೆ ನೀರು ಮುಗಿಸಿ ಕೆಳಗಿನ ಅರ್ಧಕ್ಕೆ ಜೆಟ್ಟು ಇಳಿಸಿದ್ದಳು. ನಾನು ಅವತ್ತು ಆಫೀಸಿನ ಒಂದು ದೊಡ್ಡ ಗುಂಪನ್ನು ಕರೆದುಕೊಂಡು ಬರುತ್ತಿದ್ದೆ. ಅವರಲ್ಲಿ ಒಬ್ಬ ಮೇಲೆ ಹಾರಿಸಿ ಫೋಟೋ ತೆಗೆಯುವ ಡ್ರೋನು ತಂದಿದ್ದ. ದಾರಿಯಿಂದ ಫೋನು ಮಾಡಿದೆ.

"ಇವತ್ ಬ್ಯಾಡ ಕಣೋ ಮಂಜ," ಅಂದಳು ಅಕ್ಕ. "ಪೈಪು ನಾಳೆ ಬೆಳಿಗ್ಗೆ ಮುಂದಿನೋರಿಗೆ ಕೊಡ್ಬೇಕು. ಕೆಳ್ಗಡೆ ಈಗ್ತಾನೆ ಹಾಕಿದೀನಿ."

"ಅರ್ಧ ಗಂಟೆ ಅಷ್ಟೇ ಅಕ್ಕ. ದೊಡ್ ಪಾರ್ಟಿ."

"ನೀನ್ ಯಾವಾಗ್ಲೂ ಅರ್ಧ ಗಂಟೆ ಅಂತೀಯ."

"ಈ ಸಲ ನಿಜ."

"ಹೊರಡೋವಾಗ ಫೋನ್ ಮಾಡ್ತೀಯ ತಾನೆ?"

"ಮಾಡ್ತೀನಿ. ಅಲ್ಲೀಗಂಟ ಮುಟ್ಬೇಡ."

ಅಬ್ಬಿ ಬಿತ್ತು. ನಾನು ಎಂಟರ ಮಗ್ಗಿ ಹೇಳಿದೆ. ಡ್ರೋನು ಹಾರಿತು. ಗುಂಪಿಗೆ ಎಷ್ಟು ಖುಷಿಯಾಯಿತೆಂದರೆ, ಈಗಲೇ ಬಿಸಿಲೆಯ ಕಾಡಿಗೂ ಕರೆದುಕೊಂಡು ಹೋಗಿ ಎಂದು ಗಂಟುಬಿದ್ದರು. ಬಿಸಿಲೆ ಅಲ್ಲಿಂದ ಹತ್ತಿರವೇನಲ್ಲ. ಹೊರಡುವ ಗಡಿಬಿಡಿ, ಜೀಪಿನಲ್ಲಿ ಜೋರಾಗಿ ಹಾಡು, ಮುಂದಿನ ಸೀಟಿನಲ್ಲಿ ಕೂತವನು ನನ್ನ ಭುಜ ತಟ್ಟಿ "ನೀವು ಮಾಮೂಲಿ ಡ್ರೈವರಲ್ಲ" ಅಂದ. ಅವನು ಹೇಳಿದ್ದನ್ನು ನಾನು ನಂಬಿದೆ.

ಬಿಸಿಲೆಯ ದಾರಿಯಲ್ಲಿ ಹೆಚ್ಚು ಕಡೆ ಫೋನು ಹತ್ತುವುದಿಲ್ಲ. ಒಂದು ತಿರುವಿನಲ್ಲಿ ಮಾತ್ರ ಸಿಗುತ್ತದೆ, ಜೀಪಿನವರೆಲ್ಲ ಅಲ್ಲಿ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದೆ. ಇಳಿದೆ, ಫೋನು ಮಾಡಿದೆ. ಹೋಂಸ್ಟೇಗೆ. ಗುಂಪು ರಾತ್ರಿ ಊಟಕ್ಕೆ ಇರುತ್ತದೆ, ಕೋಳಿಗೆ ಮಸಾಲೆ ಹಚ್ಚಿಡಿ ಎಂದು ಹೇಳಿ, ಫೋನನ್ನು ಜೀಪಿನ ಮುಂದಿನ ಗೂಡಿಗೆ ಎಸೆದು ಗಾಡಿ ಎತ್ತಿದೆ. ಆ ತಿರುವು ದಾಟುವುದರೊಳಗೆ ಅಕ್ಕ ನನಗೆ ಮೇಲಿಂದ ಮೇಲೆ ಮಾಡಿದ್ದಾಳೆ. ಹಾಡಿನ ಅಬ್ಬರದಲ್ಲಿ ಕೇಳಿಸಲಿಲ್ಲ. ಸಂಜೆ ಗುಂಪನ್ನು ಇಳಿಸಿದ ಮೇಲೆ ನೋಡಿದೆ. ಇಷ್ಟು ಹೊತ್ತಿಗೆ ಅವಳೇ ಹಾಕಿಕೊಂಡಿರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡು ಫೋನನ್ನು ಜೇಬಿಗಿಳಿಸಿದೆ. ಹಾಕಿಕೊಂಡಿರುವುದಿಲ್ಲ ಎಂದು ಗೊತ್ತಿತ್ತು.

ಮಾರನೇ ದಿನ ಬೆಳಿಗ್ಗೆ ಹೋದಾಗ ಮುಂದಿನ ಸರದಿಯವರು ಪೈಪುಗಳನ್ನು ಪಿಕಪ್ಪಿಗೆ ತುಂಬಿಸುತ್ತಿದ್ದರು. ಅಕ್ಕ ಜೆಟ್ಟುಗಳ ಮಣ್ಣು ಒರೆಸಿ ಕೊಡುತ್ತಿದ್ದಳು. ಅವಳು ಕೇಳುವ ಮೊದಲೇ ನಾನು ಹೇಳಿದೆ.

"ನೆಟ್‌ವರ್ಕ್ ಇರ್ಲಿಲ್ಲ ಅಕ್ಕ."

ಅವಳು ಕೈಯಲ್ಲಿದ್ದ ಜೆಟ್ಟನ್ನು ಇನ್ನೊಂದು ಸಲ ಒರೆಸಿದಳು. "ಹೂಂ. ಆ ಕಡೆ ಸಿಗಲ್ಲ," ಅಂದಳು. "ಕಾಫಿ ಕುಡ್ದಿದೀಯಾ?"

ಕಾಫಿ ಕೊಡುತ್ತ ಹೇಳಿದಳು. ಎಂಜಿನ್ ಪಕ್ಕ ಕೂತೇ ಇದ್ದಳಂತೆ. ಕೆಳಗೆ ಜನ ಇದ್ದಾರೋ ಹೋದರೋ ಮೇಲಿನಿಂದ ಕಾಣುವುದಿಲ್ಲ. ಹೊತ್ತು ಇಳಿದಾಗ ತಾಳಲಾರದೆ ಅಬ್ಬಿಗೆ ಇಳಿದು ನೋಡಿದಳಂತೆ. ಬಾಳೆಹಣ್ಣಿನ ಸಿಪ್ಪೆ ಬಿದ್ದಿತ್ತಂತೆ, ಜನ ಇರಲಿಲ್ಲ. ಏದುಸಿರು ಬಿಡುತ್ತ ಹತ್ತಿ ಎಂಜಿನ್ ಹಾಕಿದಳಂತೆ. ಅಷ್ಟರಲ್ಲಿ ಪಕ್ಕದ ಎಸ್ಟೇಟಿಗೆ ಆನೆ ಇಳಿದಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಸಂದೇಶ ಬಂತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರೂ ಬೇಲಿಯಾಚೆಯಿಂದ ಕೂಗಿ ಹೇಳಿದರು. ಕತ್ತಲಿಗೆ ಮುಂಚೆ ನಿಲ್ಲಿಸಿ ಮನೆ ಸೇರಿದಳು. ಇಷ್ಟನ್ನು ಅವಳು ಯಾರದೋ ಮನೆಯ ಸುದ್ದಿಯ ಹಾಗೆ ಹೇಳಿದಳು.

ಹೂವು ಅರಳಿತು. ಮೇಲಿನ ಅರ್ಧ ತೋಟ ಹತ್ತಿ ಹರವಿದಂತೆ ಬೆಳ್ಳಗಾಯಿತು, ಪರಿಮಳ ರಸ್ತೆಯವರೆಗೆ ಬಂತು. ಕೆಳಗಿನ ಅರ್ಧದಲ್ಲಿ ಮೊಗ್ಗುಗಳು ಊದಿಕೊಂಡು, ತುಕ್ಕು ಹಿಡಿದ ಗುಂಡುಸೂಜಿಯ ಹಾಗೆ ಕೆಂಪಾಗಿ, ಮುಟ್ಟಿದರೆ ಉದುರುತ್ತಿದ್ದವು. ತೋಟಕ್ಕೆ ಯಾರೋ ಅಡ್ಡಗೆರೆ ಎಳೆದ ಹಾಗಿತ್ತು. ನಾನು ಆಗ ಏನು ಮಾಡಿದೆ ಗೊತ್ತೇ? ಕಾಫಿ ಹೂವು ನೋಡಬೇಕೆಂದ ಗೆಸ್ಟುಗಳನ್ನು ಅಲ್ಲಿಗೇ ಕರೆದುಕೊಂಡು ಹೋದೆ. ಮೇಲಿನ ಅರ್ಧಕ್ಕೆ. ಅಕ್ಕ ಅವರಿಗೆಲ್ಲ ಕಾಫಿ ಮಾಡಿಕೊಟ್ಟಳು. ಒಬ್ಬಾಕೆ ಕೆಳಗೆ ಕೈ ತೋರಿಸಿ, "ಅಲ್ಲಿ ಯಾಕೆ ಅರಳಿಲ್ಲ?" ಎಂದು ಕೇಳಿದಳು.

"ಅದು ಬ್ಯಾರೆ ಜಾತಿ ಗಿಡ ಕಣಮ್ಮ, ತಡ ಮಾಡ್ತದೆ," ಅಂದಳು ಅಕ್ಕ. ನನ್ನ ಕಡೆ ನೋಡಲಿಲ್ಲ.

ಈ ಜನವರಿಯಲ್ಲಿ ಕೊಯ್ಲಿಗೆ ನಾನೇ ಹೋದೆ, ಯಾರೂ ಕರೆದಿರಲಿಲ್ಲ. ಬಹಳ ವರ್ಷದ ಮೇಲೆ ಸೊಂಟಕ್ಕೆ ಚೀಲ ಕಟ್ಟಿದ್ದು. ಅಕ್ಕ ಒಂದು ಗಿಡ ಮುಗಿಸುವಷ್ಟರಲ್ಲಿ ನಾನು ಒಂದು ರೆಕ್ಕೆಯನ್ನೂ, ಅಂದರೆ ಒಂದು ಕೊಂಬೆಯನ್ನೂ ಮುಗಿಸುತ್ತಿರಲಿಲ್ಲ. "ಹಣ್ ಕೀಳೋ ಅಂದ್ರೆ ಎಲೆ ಸವರ್ತಾ ಕೂತಿದೀಯ, ಅದೇನ್ ಹಸುಗೂಸಾ?" ಎಂದು ಹಂಗಿಸಿದಳು. ಮೇಲಿನ ಅರ್ಧ ಮುಗಿಯಿತು. ಕೆಳಗಿನ ಅರ್ಧಕ್ಕೆ ಚೀಲವೇ ಬೇಕಾಗಲಿಲ್ಲ, ಅಲ್ಲೊಂದು ಇಲ್ಲೊಂದು ಹಣ್ಣನ್ನು ಅಕ್ಕ ಸೆರಗಿಗೆ ಹಾಕಿಕೊಂಡು ನಡೆದಳು. ನಾನು ಹಿಂದೆ ನಡೆಯುತ್ತ ಹೇಳಿದೆ.

"ಅಕ್ಕ, ಅವತ್ತು ನೆಟ್‌ವರ್ಕ್ ಇತ್ತು."

"ಗೊತ್ತು."

"ಹೆಂಗ್ ಗೊತ್ತು?"

"ನೆಟ್‌ವರ್ಕ್ ಇಲ್ದಿದ್ರೆ ಒಬ್ಳು ಹೆಂಗ್ಸು ಮಾತಾಡ್ತಾಳಲ್ಲ, ನೀವು ಕರೆ ಮಾಡಿದವರು ಸಿಗ್ತಿಲ್ಲ ಅಂತ. ಅವತ್ತು ಮೊದಮೊದ್ಲು ಆ ಹೆಂಗ್ಸು ಮಾತಾಡ್ಲಿಲ್ಲ. ರಿಂಗ್ ಆಗ್ತಾನೇ ಇತ್ತು."

ಇಡೀ ವರ್ಷ ನಾನು ಹೊತ್ತು ತಿರುಗಿದ ಸುಳ್ಳು ಮೊದಲ ದಿನವೇ ಸತ್ತಿತ್ತು. ಅದು ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ.

"ಮತ್ಯಾಕೆ ಕೇಳ್ಲಿಲ್ಲ ನೀನು?"

"ಏನಂತ ಕೇಳ್ಲೋ? ಕೇಳಿದ್ರೆ ಮರ್ತೋಗಿದ್ದೆ ಅಂತೀಯ. ಅದನ್ ಕೇಳಿಸ್ಕೊಳೋದಕ್ಕಿಂತ ನೆಟ್‌ವರ್ಕೇ ವಾಸಿ ಅನ್ನಿಸ್ತು." ಸೆರಗಿನ ಹಣ್ಣನ್ನು ನನ್ನ ಚೀಲಕ್ಕೆ ಸುರಿದಳು. "ನಿಮ್ ಭಾವಂಗೆ ನಾನ್ ಬೇರೆ ಹೇಳಿದೀನಿ. ನೀನ್ ಬಾಯ್ ಬುಡ್ಬೇಡ."

"ಏನಂದಿದೀಯ?"

"ಏನೋ ಒಂದು. ನಡಿ, ಬಿಸ್ಲು ಏರ್ತಾ ಐತೆ."

ನಾನು ಅವತ್ತೇ ತೀರ್ಮಾನ ಮಾಡಿದೆ, ಭಾವನಿಗೆ ಎಲ್ಲವನ್ನೂ ಹೇಳಿಬಿಡಬೇಕೆಂದು. ಕಾಲು ಅವರದು. ಗೋಡೆಗೆ ಎತ್ತಿಟ್ಟು ಮಲಗುವಾಗ ಯಾರ ದೆಸೆಯಿಂದ ಎಂದು ಅವರಿಗೆ ತಿಳಿಯಬೇಕು. ಹೇಳಿದರೆ ಬೈಯುತ್ತಾರೆ, ಬೈದರೆ ನನಗೂ ಹಗುರವಾಗುತ್ತದೆ ಎಂಬ ಲೆಕ್ಕವೂ ಇತ್ತು. ನನ್ನ ಯಾವ ಒಳ್ಳೆಯ ತೀರ್ಮಾನದಲ್ಲೂ ನನ್ನದೊಂದು ಲಾಭ ಇದ್ದೇ ಇರುತ್ತದೆ.

ಈ ಫೆಬ್ರವರಿ ಬಂತು. ಅಕ್ಕನ ಸರದಿಯ ದಿನಗಳಲ್ಲೇ ಯಾರೋ ಗಂಡ ಹೆಂಡತಿ ಅಬ್ಬಿ ನೋಡಲೇಬೇಕೆಂದು ಹಟ ಹಿಡಿದರು. ಈಗ ನೀರಿಲ್ಲ ಎಂದು ಹೇಳಿದೆ. ಹೋದ ವರ್ಷದ ಡ್ರೋನಿನವನು ಹಾಕಿದ ಫೋಟೋ ಎತ್ತಿ ತೋರಿಸಿದರು. ಕರೆದುಕೊಂಡು ಹೋದೆ. ಬಂಡೆಯ ಮೇಲೆ ಒದ್ದೆ ಗೆರೆ. ಮೇಲೆ ಎಂಜಿನ್ ಗುಡುಗುಡು ಅನ್ನುತ್ತಿತ್ತು. ಇದೊಂದು ಎಸ್ಟೇಟಿನವರ ಕಾಟ ಎಂದು ಗಂಡ ಬೈದುಕೊಂಡ. ಹೆಂಡತಿ ಆ ಗೆರೆಗೇ ಬೆನ್ನು ಕೊಟ್ಟು ಒಂದು ಫೋಟೋ ತೆಗೆಸಿಕೊಂಡಳು. ನಾನು ಫೋನು ಮುಟ್ಟಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮಾಡಿದ್ದರೆ ಅಕ್ಕ ನಿಲ್ಲಿಸಿಯೇಬಿಡುತ್ತಿದ್ದಳೋ ಏನೋ ಎಂಬ ಹೆದರಿಕೆ ನನಗಿತ್ತು.

ಅವರ ಸಿಟ್ಟು ಇಳಿಸಲು, ಒಳ್ಳೆಯ ದೋಸೆ ತಿನ್ನಿಸುತ್ತೇನೆ ಎಂದು ಮಾರನಹಳ್ಳಿಗೆ ಕರೆದುಕೊಂಡು ಹೋದೆ. ಇವತ್ತೇ ಹೇಳಿಬಿಡುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಹೋಟೆಲಿನಲ್ಲಿ ಆ ಹೊತ್ತಿಗೆ ಜನ ಕಡಿಮೆ. ಭಾವ ನನ್ನನ್ನು ನೋಡಿ ಕಾವಲಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ, ನನಗೊಂದು ದೋಸೆಯನ್ನು ತಾವೇ ತಂದು, ಎದುರಿನ ಬೆಂಚಿನ ಮೇಲೆ ಕೂತರು. ಒಂದು ಕಾಲನ್ನು ಎತ್ತಿ ಪಕ್ಕದ ಸ್ಟೂಲಿನ ಮೇಲೆ ಇಟ್ಟುಕೊಂಡು ಪಂಚೆ ಸರಿಮಾಡಿಕೊಂಡರು.

"ಏನ್ ಭಾಮೈದ, ಬಡವಾಗಿದೀಯ. ನಿನ್ ಹೆಂಡ್ತಿ ಅನ್ನ ಹಾಕಲ್ವಾ?"

"ಭಾವ, ಒಂದ್ ಮಾತು ಹೇಳ್ಬೇಕಿತ್ತು."

"ತಿನ್ನೋ ಮೊದ್ಲು, ಆರೋಗ್ತದೆ. ನಿಮ್ಮಕ್ಕ ಈ ಸಲ ಡೀಸೆಲ್ ತಂದಿಟ್ಕಂಡವ್ಳಾ ನೋಡ್ದ್ಯಾ?"

"ಡೀಸೆಲ್ಲಾ?"

"ಹೂಂ ಮಾರಾಯ. ಹೋದ್ ವರ್ಷ ಅದೇ ತಾನೆ ಆಗಿದ್ದು. ಸರದಿ ಕೊನೇ ದಿವ್ಸ, ಡೀಸೆಲ್ ತರೋದ್ ಮರ್ತು ಖಾಲಿ ಕ್ಯಾನ್ ಮುಂದೆ ಕೂತಿದ್ಲಂತೆ ಮಹಾತಾಯಿ. ಅವ್ಳೇ ಬಾಯ್ಬಿಟ್ ಹೇಳಿದ್ಲು." ಕಾವಲಿಯ ಹತ್ತಿರ ನಿಂತವರು ನಕ್ಕರು, ಅವರಿಗೆ ಈ ಕತೆ ಹಳೆಯದಿರಬೇಕು. ಭಾವ ನಗಲಿಲ್ಲ. ದನಿ ಇಳಿಸಿ ನನ್ನ ಕಡೆ ಬಾಗಿದರು. "ನಾನೂ ಸುಮ್ನಿರ್ಲಿಲ್ಲ ಕಣೋ. ಬಾಯಿಗ್ ಬಂದಂಗ್ ಬೈದ್ಬುಟ್ಟೆ. ನಿಮ್ಮಪ್ಪನ್ನೂ ಸೇರ್ಸಿ ಬೈದೆ, ಎಂಥೋಳ್ ಕೈಗೆ ತೋಟ ಕೊಟ್ಟ ಅಂತ. ಎರಡ್ ತಿಂಗ್ಳು ಮನೇಗೇ ಹೋಗ್ಲಿಲ್ಲ. ಅವ್ಳು ಒಂದ್ ಮಾತೂ ಎದುರ್ ಆಡ್ಲಿಲ್ಲ. ಅದೇ ಈಗ ಒಂಥರಾ ಚುಚ್ತದೆ."

ನಾನು ದೋಸೆಯನ್ನು ನೋಡುತ್ತಿದ್ದೆ. ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಒಳಗೆ ಇದ್ದಲ್ಲೇ ಇದ್ದವು. ನಾನು ಮಾಡಿದ್ದನ್ನು ಹೇಳಲು ತಯಾರಾಗಿದ್ದೆ. ನಾನು ಮಾಡಿದ್ದಕ್ಕೆ ಅವಳು ತಿಂದದ್ದನ್ನು ಕೇಳಲು ತಯಾರಾಗಿರಲಿಲ್ಲ.

"ನೀನೇ ಹೇಳು," ಅಂದರು ಭಾವ, ಸ್ಟೂಲಿನ ಮೇಲಿನ ಕಾಲನ್ನು ಒತ್ತಿಕೊಳ್ಳುತ್ತ. "ನೀನು ಅವ್ಳ್ ತಮ್ಮ, ನಿನ್ ಮಾತ್ ನಾನ್ ಕೇಳ್ತೀನಿ. ತಪ್ಪು ಅವ್ಳ್ದೇ ಅಲ್ವಾ? ನಾನ್ ಬೈದಿದ್ದು ಜಾಸ್ತಿ ಆಯ್ತಾ?"

ಹೊರಗೆ ಗೆಸ್ಟುಗಳು ಜೀಪಿನ ಹತ್ತಿರ ನಿಂತು ಕೈ ಬೀಸುತ್ತಿದ್ದರು. ನಾನು ದೋಸೆಯ ಒಂದು ತುಂಡು ಮುರಿದು, ಚಟ್ನಿಗೆ ಅದ್ದಿ ಬಾಯಿಗಿಟ್ಟುಕೊಂಡೆ.

"ಬುಡಿ ಭಾವ," ಅಂದೆ. "ಅವ್ಳ್ ಮೊದ್ಲಿಂದ್ಲೂ ಹಂಗೇ."

ಭಾವನ ಮುಖ ಸಮಾಧಾನವಾಯಿತು. ಕಾಲಿಳಿಸಿ, ಮೇಜು ಹಿಡಿದು ಎದ್ದು, ಕಾವಲಿಯ ಕಡೆ ಹೋದರು. ನನಗೆ ಇನ್ನೊಂದು ಹುಯ್ಯಲು.